ಸಣ್ಣ ಕಂಪೈಲರ್‌ಗೆ 9 ಪ್ಲಾಟ್‌ಫಾರ್ಮ್ ಸಪೋರ್ಟ್: ಕ್ಯೂಎಮು ಸಾಕಾ, ಸರ್ವರ್ ಬಾಡಿಗೆಗೆ ಹಿಡೀಬೇಕಾ?

ಚಿಕ್ಕಮಗಳೂರಲ್ಲಿ ಕೂತು ಸಣ್ಣ ಓಪನ್ ಸೋರ್ಸ್ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಒಂದರ ಬಿಲ್ಡ್ ಜವಾಬ್ದಾರಿ ತಗೊಂಡಿದ್ದೀರಿ. 9 ಪ್ಲಾಟ್‌ಫಾರ್ಮ್‌ಗೆ, ಅಂದರೆ 9 ಬಗೆಯ ಪ್ರೊಸೆಸರ್ ಮತ್ತು ಸಿಸ್ಟಮ್‌ಗೆ, ಬೈನರಿ (ನೇರವಾಗಿ ಓಡುವ ಫೈಲ್) ಕೊಡಬೇಕು, ಎಲ್ಲವನ್ನೂ ಕ್ಯೂಎಮು (ಬೇರೆ ಪ್ರೊಸೆಸರ್‌ನಂತೆ ನಟಿಸುವ ಸಾಫ್ಟ್‌ವೇರ್) ಮೇಲೆ ಟೆಸ್ಟ್ ಮಾಡಿದರೆ ಸಾಕಾ, ಇಲ್ಲ ಆರ್ಮ್ (ಮೊಬೈಲ್‌ಗಳಲ್ಲಿರುವ ಬಗೆಯ ಪ್ರೊಸೆಸರ್) ಸರ್ವರ್ ಬಾಡಿಗೆಗೆ ಹಿಡೀಬೇಕಾ ಅಂತ ಕೇಳಿದ್ದೀರಿ. ಪಕ್ಕದ ಸಕಲೇಶಪುರದಲ್ಲಿ ನಾನು ಇದೇ ಕೆಲಸ ಮಾಡಿದವನು. ನನ್ನ ಪಟ್ಟಿಯಲ್ಲಿ 7 ಇದ್ದವು.

ಆ ಏಳರಲ್ಲಿ ಒಂದು ಹಳೇ ರಾಸ್‌ಬೆರಿ ಪೈ, ಒಂದೇ ಬೋರ್ಡ್‌ನ ಪುಟ್ಟ ಕಂಪ್ಯೂಟರ್. ಮೊದಲ ಪೈ, ಆಮೇಲೆ 2015ರ ಕೊನೆಗೆ ಬಂದ ಪೈ ಝೀರೋ, ಎರಡರಲ್ಲೂ ಇರೋದು ಆರ್ಮ್ ವಿ6 ಪ್ರೊಸೆಸರ್. ರಿಲೀಸ್ ಬಿಲ್ಡ್ ಆಗುತ್ತಿದ್ದದ್ದು ನಿಜವಾದ ಪೈ ಝೀರೋ ಮೇಲೆ. ಅಮ್ಮನ ಹೊಲಿಗೆ ಮೆಷಿನ್ ಪಕ್ಕದಲ್ಲಿ, ಕಿಟಕಿ ಕೆಳಗೆ ಅದನ್ನು ಇಟ್ಟಿದ್ದೆ. ಒಂದು ಬಿಲ್ಡ್‌ಗೆ ಇಡೀ ರಾತ್ರಿ ಬೇಕು. ನಮ್ಮ ಕಡೆ ಜುಲೈನಲ್ಲಿ ಕರೆಂಟ್ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ ಅಲ್ವಾ? ಬೆಳಗಿನ ಜಾವ ನಾಲ್ಕಕ್ಕೆ ಕರೆಂಟ್ ಹೋದರೆ ಮತ್ತೆ ಮೊದಲಿಂದ ಶುರು. ಒಂದು ಮಳೆಗಾಲದಲ್ಲಿ ಮೂರು ರಾತ್ರಿ ಸಾಲಾಗಿ ಹೀಗೇ ಆಯ್ತು. ಬೋರ್ಡ್ ಬಿಚ್ಚಿ ಡಬ್ಬಿಗೆ ಹಾಕಿದೆ. ಇನ್ನು ಮೇಲೆ ಲ್ಯಾಪ್‌ಟಾಪ್‌ನಲ್ಲೇ ಕ್ರಾಸ್ ಕಂಪೈಲ್ ಮಾಡೋಣ, ಅಂದರೆ ಪೈಗೆ ಬೇಕಾದ ಬೈನರಿಯನ್ನು ಅಲ್ಲೇ ಕಟ್ಟೋಣ ಅಂದುಕೊಂಡೆ.

ತಪ್ಪಾಗಿದ್ದು ಅಲ್ಲೇ. ಸ್ವಲ್ಪ ಉದ್ದ ಆದರೂ ಪೂರ್ತಿ ಓದಿ.

ಡೆಬಿಯನ್ ಲಿನಕ್ಸ್‌ನ ರೆಡಿ ಕ್ರಾಸ್ ಕಂಪೈಲರ್ ಪ್ಯಾಕೇಜ್ ಹಾಕಿಕೊಂಡೆ. ಹೆಸರಿನಲ್ಲಿ 'ಆರ್ಮ್‌ಎಚ್‌ಎಫ್' ಅಂತ ಇದೆ. ಪೈನಲ್ಲಿ ಓಡುವ ರಾಸ್ಬಿಯನ್ ಕೂಡ ತನ್ನನ್ನು 'ಆರ್ಮ್‌ಎಚ್‌ಎಫ್' ಅಂತಲೇ ಕರೆದುಕೊಳ್ಳುತ್ತೆ. ಹೆಸರು ಒಂದೇ, ಅರ್ಥ ಬೇರೆ. ಡೆಬಿಯನ್‌ಗೆ ಅದು ವಿ7, ರಾಸ್ಬಿಯನ್‌ಗೆ ವಿ6. ವಿ7 ಹೊಸದು, ಅದರ ಕೆಲವು ಇನ್‌ಸ್ಟ್ರಕ್ಷನ್ (ಪ್ರೊಸೆಸರ್‌ಗೆ ಕೊಡುವ ಆದೇಶ) ವಿ6ಗೆ ಗೊತ್ತೇ ಇಲ್ಲ. ನಮ್ಮಲ್ಲಿ ಕಾಫಿ ಮೂಟೆ ಅಂದರೆ 50 ಕೆಜಿ, ಹೊರದೇಶದ ಲೆಕ್ಕದಲ್ಲಿ 60 ಕೆಜಿ. ಮಾತಾಡುವಾಗ ಇಬ್ಬರೂ ಮೂಟೆ ಅಂತಲೇ ಅಂತಾರೆ, ತೂಕಕ್ಕೆ ಹಾಕಿದಾಗಲೇ ಗೊತ್ತಾಗೋದು.

ಇದು ನನಗೆ ಅರ್ಧ ಗೊತ್ತಿತ್ತು. ಅದಕ್ಕೇ ವಿ6ಗೆ ಕೋಡ್ ಮಾಡು ಅಂತ ಫ್ಲ್ಯಾಗ್ ಕೊಟ್ಟೆ. ನಮ್ಮ ಫೈಲ್‌ಗಳೆಲ್ಲ ವಿ6 ಆಗಿಯೇ ಬಂದವು. ಆದರೆ ಪ್ರೋಗ್ರಾಮ್ ಅಂದರೆ ನಾವು ಬರೆದದ್ದು ಮಾತ್ರ ಅಲ್ಲ. ಅದು ಶುರುವಾಗೋದೇ ಒಂದು ಚಿಕ್ಕ ಸ್ಟಾರ್ಟಪ್ ಫೈಲ್‌ನಿಂದ. ಅದನ್ನು ಲಿಂಕರ್ (ತುಂಡುಗಳನ್ನು ಒಂದೇ ಪ್ರೋಗ್ರಾಮ್ ಮಾಡುವ ಸಾಧನ) ತಾನಾಗಿ ತಂದು ಮೊದಲಿಗೆ ಜೋಡಿಸುತ್ತೆ. ಆ ಫೈಲ್, ಜೊತೆಗೆ ಜಿಸಿಸಿ ಅನ್ನುವ ಕಂಪೈಲರ್‌ನ ಸಹಾಯಕ ಲೈಬ್ರರಿ, ಎರಡೂ ಡೆಬಿಯನ್ ಪ್ಯಾಕೇಜ್‌ನಿಂದ ಬಂದವು. ಅವು ಯಾವತ್ತೋ ವಿ7ಗೆ ಕಂಪೈಲ್ ಆಗಿ ಕೂತಿದ್ದವು. ನಾನು ಕೊಟ್ಟ ಫ್ಲ್ಯಾಗ್ ಅವನ್ನು ಮುಟ್ಟೋದೇ ಇಲ್ಲ. ಲಿಂಕರ್ ಒಂದು ಮಾತೂ ಆಡದೆ ಎರಡನ್ನೂ ಸೇರಿಸಿಬಿಟ್ಟಿತು.

ಟೆಸ್ಟ್ ಮಾಡಿರಲಿಲ್ಲ ಅಂತಲ್ಲ. ಕ್ಯೂಎಮು ಮೇಲೆ ಪೂರ್ತಿ ಟೆಸ್ಟ್ ಓಡಿಸಿದ್ದೆ. ಒಂದೂ ಫೇಲ್ ಆಗಲಿಲ್ಲ. ಯಾಕೆ ಅಂದರೆ, ಯಾವ ಪ್ರೊಸೆಸರ್ ಅಂತ ಹೇಳದಿದ್ದರೆ ಕ್ಯೂಎಮು ತನಗೆ ಗೊತ್ತಿರುವ ಎಲ್ಲಾ ಆರ್ಮ್ ಇನ್‌ಸ್ಟ್ರಕ್ಷನ್‌ಗಳನ್ನೂ ಒಪ್ಪಿಕೊಳ್ಳುತ್ತೆ. ಪೈ ಝೀರೋದಲ್ಲಿರುವ ಆರ್ಮ್ 1176 ಅಂತ ಹೆಸರು ಹೇಳಿದ್ದರೆ ಅಲ್ಲೇ ಮುಗ್ಗರಿಸುತ್ತಿತ್ತು. ನಾನು ಹೇಳಲಿಲ್ಲ. ನಮ್ಮ ಕಂಪೈಲರ್ ತನ್ನದೇ ಭಾಷೆಯಲ್ಲಿ ಬರೆದದ್ದು. ಜಿಸಿಸಿ ಮಾಡುವ ಹಾಗೆ ನಾವೂ ಅದನ್ನು ಅದರಿಂದಲೇ ಮೂರು ಸಲ ಕಟ್ಟಿ, ಎರಡನೆಯದೂ ಮೂರನೆಯದೂ ಒಂದೇ ಇದೆಯಾ ಅಂತ ಹೋಲಿಸುತ್ತಿದ್ದೆವು. ಅದೂ ಪಾಸ್ ಆಯ್ತು. ಎರಡರಲ್ಲೂ ಅದೇ ತಪ್ಪು ಫೈಲ್ ಇದ್ದರೆ ಹೋಲಿಕೆ ಸರಿಯಾಗಿಯೇ ಬರುತ್ತೆ.

ಮಾರ್ಚ್‌ನಲ್ಲಿ ರಿಲೀಸ್ ಮಾಡಿದೆ. ಐದು ದಿನ ಆದಮೇಲೆ ಒಂದು ದೂರು ಬಂತು. ಎರಡೇ ಸಾಲು: "ಅಪ್‌ಡೇಟ್ ಮಾಡಿದ ಮೇಲೆ ಏನೂ ಓಡುತ್ತಿಲ್ಲ. ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ ಬರುತ್ತೆ." ಬರೆದವರು ಕೊಟ್ಟಿಗೆಹಾರದ ಕಡೆಯ ಒಬ್ಬ ಹುಡುಗಿ. ಮೈಸೂರಲ್ಲಿ ಓದುತ್ತಿದ್ದರು. ಅಪ್ಪನ ತೋಟಕ್ಕೆ ಮಳೆ ಅಳೆಯುವ ಯಂತ್ರ ಮಾಡಿಕೊಟ್ಟಿದ್ದರು. ಒಳಗೆ ಪೈ ಝೀರೋ, ಅದರಲ್ಲಿ ನಮ್ಮ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಮ್. ಊರಿಗೆ ಬಂದಾಗ ಅಪ್‌ಡೇಟ್ ಹಾಕಿ, ಎಲ್ಲ ತಾನಾಗಿ ಆಗುತ್ತೆ ಅಂತ ನಂಬಿ ವಾಪಸ್ ಹೋಗಿದ್ದರು.

ಭಾನುವಾರ ಬೈಕ್ ತಗೊಂಡು ಹಾನುಬಾಳು, ಮೂಡಿಗೆರೆ ಮೇಲೆ ಅಲ್ಲಿಗೆ ಹೋದೆ. ಡಬ್ಬಿಯಲ್ಲಿದ್ದ ನನ್ನ ಪೈ ಝೀರೋನೂ ಜೊತೆಗೆ ಒಯ್ದಿದ್ದೆ. ಅವರ ಅಪ್ಪ ಕಾಫಿ ಕೊಟ್ಟರು, ಆಮೇಲೆ ಮಳೆ ಪುಸ್ತಕ ತಂದು ಜಗಲಿ ಮೇಲೆ ಬಿಡಿಸಿಟ್ಟರು. ಮೊದಲ ಪುಟಗಳು ಹುಡುಗಿಯ ಅಜ್ಜನ ಕೈಬರಹ, ನೀಲಿ ಶಾಯಿ. ದಿನಕ್ಕೊಂದು ಸಾಲು, ಇಂಚು ಮತ್ತು ಸೆಂಟ್ (ಇಂಚಿನ ನೂರನೇ ಒಂದು ಭಾಗ). ಆ ಮಾರ್ಚ್‌ನಲ್ಲಿ ನಾಲ್ಕು ಸಾಲು ಖಾಲಿ. ಯಂತ್ರ ಇದೆ ಅಂತ ಅವರು ಗಾಜಿನ ಅಳತೆ ಪಾತ್ರೆ ನೋಡೋದನ್ನೇ ಬಿಟ್ಟಿದ್ದರು.

ಆ ನಾಲ್ಕು ದಿನದಲ್ಲೇ ಹೂಮಳೆ ಬಂದಿತ್ತು.

"ಮಳೆ ಬಂತು, ಅದು ಗೊತ್ತು ಕಣಪ್ಪಾ. ಎಷ್ಟು ಬಂತು ಅಂತ ಗೊತ್ತಿಲ್ಲ" ಅಂದರು. ಕಾಫಿಯವರ ಮನೆಯಲ್ಲಿ ಬೆಳೆದವರಿಗೆ ಈ ಮಾತಿನ ತೂಕ ಗೊತ್ತು. ಒಂದು ಇಂಚು ಬಿದ್ದಿದ್ದರೆ ಸ್ಪ್ರಿಂಕ್ಲರ್ ಬೇಡ. ಅರ್ಧಕ್ಕೇ ನಿಂತಿದ್ದರೆ ಹೂವು ಸರಿಯಾಗಿ ಅರಳಲ್ಲ, ಕೂಡಲೇ ನೀರು ಹಾಯಿಸಬೇಕು. ಅವರು ಅಂದಾಜಿನ ಮೇಲೆ ಎರಡು ದಿನ ಡೀಸೆಲ್ ಸುಟ್ಟು ನೀರು ಹಾಯಿಸಿದ್ದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅಲ್ಲೇ ಜಗಲಿ ಮೇಲೆ ಲ್ಯಾಪ್‌ಟಾಪ್ ತೆಗೆದು ನನ್ನ ಬೈನರಿ ಮೇಲೆ, ಬೈನರಿಯ ವಿವರ ತೋರಿಸುವ 'ರೀಡೆಲ್ಫ್' ಓಡಿಸಿದೆ, ದೊಡ್ಡಕ್ಷರದ 'ಎ' ಆಯ್ಕೆ ಕೊಟ್ಟು. ಸಿಪಿಯು ಅನ್ನುವ ಸಾಲಿನಲ್ಲಿ ವಿ7 ಅಂತ ಬಂತು. ರಿಲೀಸ್‌ಗೆ ಮುಂಚೆ ಎರಡು ಸೆಕೆಂಡ್ ಕೊಟ್ಟಿದ್ದರೆ ಇದೇ ಸಾಲು ಕಾಣುತ್ತಿತ್ತು. ಹಳೇ ಬೈನರಿ ವಾಪಸ್ ಹಾಕಿದೆ, ಯಂತ್ರ ಎದ್ದಿತು. ಯಂತ್ರದ ಒಳಗಿನ ಪುಟ್ಟ ಬಕೆಟ್‌ಗೆ ಲೋಟದಿಂದ ನೀರು ಹನಿಸಿ, ಲೆಕ್ಕ ಏರುತ್ತಾ ಅಂತ ಇಬ್ಬರೂ ನೋಡಿದೆವು. ಮನೆಗೆ ಬಂದು ಆ ರಿಲೀಸ್ ತೆಗೆದುಹಾಕಿದೆ. ತೆಗೆಯಲೇಬೇಕಿತ್ತು. ಮುಂದಿನ ಆವೃತ್ತಿ ಕಟ್ಟೋಕೆ ಹಿಂದಿನದೇ ಬೇಕು. ಹಿಂದಿನದು ಏಳದಿದ್ದರೆ ಆ ಬೋರ್ಡ್ ಮೇಲೆ ಮುಂದಿನದನ್ನು ಕಟ್ಟೋಕೂ ಆಗಲ್ಲ.

ಈಗ ನಿಮ್ಮ ಪ್ರಶ್ನೆ. ಕ್ಯೂಎಮು ಅಥವಾ ಸರ್ವರ್ ಅಂತ ಕೇಳಿರೋದೇ ಸರಿಯಿಲ್ಲ ಅಂತ ನನಗೆ ಅನಿಸುತ್ತೆ. ಬಾಡಿಗೆ ಸರ್ವರ್‌ನಲ್ಲಿರೋದು ಹೊಸ 64 ಬಿಟ್ ಆರ್ಮ್. ಅದು 32 ಬಿಟ್ ಕೋಡ್ ಓಡಿಸಿದರೂ ವಿ7 ಇನ್‌ಸ್ಟ್ರಕ್ಷನ್ ಕಂಡು ನಿಲ್ಲಲ್ಲ. ನನ್ನ ತಪ್ಪನ್ನು ಅದೂ ಮುಚ್ಚಿಡುತ್ತಿತ್ತು, ತಿಂಗಳಿಗೆ ದುಡ್ಡೂ ತಗೊಂಡು. ನೀವು ಮೊದಲು ಕೇಳಬೇಕಾದ್ದು, ಈ 9ರಲ್ಲಿ ಯಾವುದಕ್ಕೆ ನಾನು ಮಾತು ಕೊಡಬಲ್ಲೆ ಅಂತ. ಯಾವ ಯಂತ್ರ ನಿಮ್ಮ ಕೈಗೆ ಸಿಗುತ್ತೋ, ಪ್ರತಿ ರಿಲೀಸ್‌ಗೂ ಅದನ್ನು ಆನ್ ಮಾಡುತ್ತೀರೋ, ಅದಕ್ಕೆ ಮಾತ್ರ 'ಸಪೋರ್ಟ್' ಅನ್ನಿ. ನಿಮ್ಮ ವಿಷಯದಲ್ಲಿ ಅದು ಮೂರೇ ಇರಬಹುದು. ಮೂರು ಅಂತಲೇ ಬರೆಯಿರಿ.

ರಸ್ಟ್ ಭಾಷೆಯವರ ಪ್ಲಾಟ್‌ಫಾರ್ಮ್ ಪಟ್ಟಿ ನೋಡಿ. ಮೂರು ದರ್ಜೆ ಮಾಡಿದ್ದಾರೆ. ಮೊದಲನೆಯದು ಖಂಡಿತ ಓಡುತ್ತೆ, ಎರಡನೆಯದು ಖಂಡಿತ ಬಿಲ್ಡ್ ಆಗುತ್ತೆ, ಮೂರನೆಯದಕ್ಕೆ ಕೋಡ್ ಇದೆ ಅಷ್ಟೇ. ಅಷ್ಟು ದೊಡ್ಡ ತಂಡವೇ ಬಿಲ್ಡ್ ಆಗೋದು ಬೇರೆ, ಓಡೋದು ಬೇರೆ ಅಂತ ಬಿಡಿಸಿ ಹೇಳುತ್ತೆ. ಗೋ ಭಾಷೆಯವರು ಹೊಸ ಪ್ಲಾಟ್‌ಫಾರ್ಮ್ ಸೇರಿಸಬೇಕಾದರೆ ನೋಡಿಕೊಳ್ಳೋಕೆ ಕನಿಷ್ಠ ಇಬ್ಬರು, ಜೊತೆಗೆ ಬಿಲ್ಡ್ ಮಾಡೋ ಯಂತ್ರ ಕೇಳುತ್ತಾರೆ. ನೀವು ಒಬ್ಬರೇ ಇದ್ದೀರಿ.

ಮಾಮೂಲಿ ಲಿನಕ್ಸ್ ಪಿಸಿಗೂ ಇದೇ ಬಾಧೆ ಇದೆ. ಉಬುಂಟು 22.04 ಮೇಲೆ ಕಟ್ಟಿದ್ದನ್ನು 20.04 ಮೇಲೆ ಹಾಕಿದರೆ ಗ್ಲಿಬ್‌ಸಿ (ಲಿನಕ್ಸ್ ಪ್ರೋಗ್ರಾಮ್‌ಗಳಿಗೆ ಬೇಕಾದ ಮೂಲ ಲೈಬ್ರರಿ) 2.34 ಇಲ್ಲ ಅಂತ ನಿಲ್ಲುತ್ತೆ, ಅಲ್ಲಿರೋದು 2.31. ನೀವು ಸಪೋರ್ಟ್ ಮಾಡುವ ಅತಿ ಹಳೇ ಸಿಸ್ಟಮ್‌ನ ಕಂಟೇನರ್ (ಆ ಸಿಸ್ಟಮ್‌ನ ಫೈಲ್‌ಗಳಷ್ಟೇ ಇರುವ ಬೇರ್ಪಟ್ಟ ಜಾಗ) ಒಳಗೇ ಕಟ್ಟಿ, ಅಷ್ಟು ಸಾಕು.

ಕ್ಯೂಎಮು ಬಿಡಿ ಅಂತ ಹೇಳುತ್ತಿಲ್ಲ. ದಿನದ ಟೆಸ್ಟ್‌ಗೆ ನಾನೂ ಬಳಸುತ್ತೇನೆ, ಪ್ರೊಸೆಸರ್ ಹೆಸರು ಕೊಟ್ಟೇ. ಆದರೆ ರಿಲೀಸ್‌ಗೆ ಮುಂಚೆ ಪೈ ಝೀರೋ ಮತ್ತೆ ಹೊಲಿಗೆ ಮೆಷಿನ್ ಪಕ್ಕಕ್ಕೆ ಬರುತ್ತೆ, ಈಗ ಯುಪಿಎಸ್ ಜೊತೆ. ಅದು ಹೂಂ ಅನ್ನುವ ತನಕ ರಿಲೀಸ್ ಇಲ್ಲ.

ನಿಮ್ಮ ಪಟ್ಟಿಯಲ್ಲೂ ಹಳೇ ಪೈ ಇದೆ ಅಂತ ಬರೆದಿದ್ದೀರಿ. ಈಗಾಗಲೇ ಕೊಟ್ಟಿರೋ ಬೈನರಿ ಮೇಲೆ ಇವತ್ತೇ ರೀಡೆಲ್ಫ್ ಓಡಿಸಿ, ಆ ಸಿಪಿಯು ಸಾಲಿನಲ್ಲಿ ಏನಿದೆ ಅಂತ ಇಲ್ಲಿ ಕೆಳಗೆ ಹಾಕಿ. ವಿ7 ಅಂತ ಬಂದರೆ ನನ್ನ ಹತ್ತಿರ ಇನ್ನೊಂದು ಪೈ ಝೀರೋ ಸುಮ್ನೆ ಇದೆ, ಬೇಲೂರು ಬಸ್ ಸ್ಟ್ಯಾಂಡ್‌ವರೆಗೆ ನಾನೇ ತಂದುಕೊಡುತ್ತೇನೆ.