ಕಾಳುಮೆಣಸಿನ ಪ್ಯಾಕೆಟ್ ಮೇಲಿನ ಹಸಿರು ಗುರುತು

ನಮಸ್ಕಾರ. ಶಿವಮೊಗ್ಗದ ಅಂಗಡಿಯಲ್ಲಿ ಕೊಂಡ ಕಾಳುಮೆಣಸಿನ ಪ್ಯಾಕೆಟ್ ಮೇಲೆ ವಿಕಿರಣದ ಗುರುತಿದೆ, ಮಕ್ಕಳ ಸಾರಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಿ.

ಆ ಗುರುತಿನ ಹೆಸರು ರಾಡುರಾ. ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ಲೋಹದಿಂದ ಬರುವ ಗಾಮಾ ಕಿರಣ ಕಾಳಿನ ಮೂಲಕ ಹಾದುಹೋಗುತ್ತದೆ, ಹುಳ, ಬ್ಯಾಕ್ಟೀರಿಯಾ ಸಾಯುತ್ತವೆ. ಕಾಳಿನಲ್ಲಿ ವಿಕಿರಣ ಉಳಿಯುವುದಿಲ್ಲ. ಎಕ್ಸ್‌ರೇ ತೆಗೆಸಿಕೊಂಡ ಕೈ ಆಮೇಲೆ ಕಿರಣ ಸೂಸುತ್ತಾ ಕೂರುತ್ತದಾ? ಹಾಗೇ ಇದೂ. ನಮ್ಮ ದೇಶದ ನಿಯಮದಲ್ಲಿ ಸಾಂಬಾರ ಪದಾರ್ಥಕ್ಕೆ 6ರಿಂದ 14 ಕಿಲೋಗ್ರೇ (ಪದಾರ್ಥ ಹೀರಿಕೊಳ್ಳುವ ವಿಕಿರಣದ ಅಳತೆ) ಮಿತಿ ಇದೆ. ಪ್ಯಾಕೆಟ್ ಮೇಲೆ ಆ ಗುರುತು ಹಾಕುವುದೂ ಕಡ್ಡಾಯ. ಹೀಗೆ ಕಿರಣ ಹಾಯಿಸುವ ಘಟಕ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕು.

ಆದರೆ ಒಂದು ಮಾತು. ಸರಿಯಾಗಿ ಒಣಗಿಸದೆ ಬೂಸ್ಟು ಬಂದ ಮೆಣಸಿಗೆ ಇದು ಮದ್ದಲ್ಲ. ಬೂಸ್ಟು ಸತ್ತರೂ ಅದು ಬಿಟ್ಟ ವಿಷ ಉಳಿದುಬಿಡುತ್ತದೆ. ಕೀಟನಾಶಕದ ಉಳಿಕೆಯನ್ನೂ ಇದು ತೊಳೆದು ಹಾಕುವುದಿಲ್ಲ. ನಮ್ಮ ಮಳೆಯಲ್ಲಿ ಅಂಗಳದ ಮೆಣಸು ಒಣಗಿಸುವ ಪಾಡು ನಿಮಗೂ ಗೊತ್ತು, ಅಲ್ವಾ? ನನಗೆ ಕಿರಣಕ್ಕಿಂತ ಆ ತೇವದ ಭಯವೇ ಜಾಸ್ತಿ.

ಅಂದಹಾಗೆ, ಮೆಣಸು ಬೆಳೆಯುವ ತೀರ್ಥಹಳ್ಳಿಯವರಾಗಿ ಪ್ಯಾಕೆಟ್ ಮೆಣಸು ಯಾಕೆ ಕೊಂಡಿರಿ ಮಾರಾಯ್ರೆ!