ಹೊರದೇಶದಲ್ಲಿ ಡ್ರಗ್ಸ್ ಕೇಸಲ್ಲಿ ಜೈಲು ಸೇರಿದವರಿಗೆ ಜನ ಯಾಕೆ ಮರುಗುತ್ತಾರೆ?

ಆ ದೇಶದ ಕಾನೂನು ಗೊತ್ತಿದ್ದೂ ಮುರಿದವರ ಮೇಲೆ ಕನಿಕರ ಯಾಕೆ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’ ಅಂದು ಪುಟ ತಿರುಗಿಸುತ್ತಿದ್ದವನೇ. ಈಗ ಹಾಗೆ ಆಗುವುದಿಲ್ಲ.

ತಪ್ಪು ಎಷ್ಟು ದೊಡ್ಡದು ಅಂತ ತೂಗಿ ನೋಡಿ ಯಾರೂ ಮರುಗುವುದಿಲ್ಲ. ಮುಖ ಪರಿಚಯ ಇದ್ದರೆ ಮರುಗುತ್ತಾರೆ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಬ್ರಿಟ್ನಿ ಗ್ರೈನರ್ 2022ರ ಫೆಬ್ರವರಿಯಲ್ಲಿ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು. ಇದ್ದದ್ದು ಒಂದು ಗ್ರಾಂಗಿಂತ ಕಡಿಮೆ ಗಾಂಜಾ ಎಣ್ಣೆ. 9 ವರ್ಷ ಶಿಕ್ಷೆಯಾಯಿತು. ಡಿಸೆಂಬರ್‌ನಲ್ಲೇ ಕೈದಿಗಳ ವಿನಿಮಯದಲ್ಲಿ ಮನೆ ಸೇರಿದರು. ಅವರಿಗಿಂತ ಆರು ತಿಂಗಳು ಮುಂಚೆ ಅದೇ ನಿಲ್ದಾಣದಲ್ಲಿ ಸಿಕ್ಕಿದ ಮಾರ್ಕ್ ಫೋಗೆಲ್ ಶಾಲಾ ಮೇಷ್ಟ್ರು. ನೋವಿಗೆಂದು ಇಟ್ಟುಕೊಂಡಿದ್ದ ಗಾಂಜಾ, ಸುಮಾರು 17 ಗ್ರಾಂ. ಅವರಿಗೆ 14 ವರ್ಷ ಹಾಕಿದರು. ಹೊರಗೆ ಬಂದಿದ್ದು 2025ರಲ್ಲಿ. ಇಬ್ಬರೂ ಅಮೆರಿಕದವರೇ, ಅಲ್ವಾ?

ಸರಿ, ಇದು ಸಣ್ಣ ಪ್ರಮಾಣ. ಕೆಜಿಗಟ್ಟಲೆ ಸಾಗಿಸಿದವರು? ‘ಬಾಲಿ ನೈನ್’ ನೋಡಿ. 2005ರಲ್ಲಿ ಒಂಬತ್ತು ಆಸ್ಟ್ರೇಲಿಯನ್ನರು ಇಂಡೋನೇಷ್ಯಾದ ಬಾಲಿಯಿಂದ 8 ಕೆಜಿಗೂ ಜಾಸ್ತಿ ಹೆರಾಯಿನ್ ಸಾಗಿಸಲು ಹೋಗಿ ಸಿಕ್ಕಿಬಿದ್ದರು. ಸುಳಿವು ಕೊಟ್ಟಿದ್ದು ಅವರದೇ ದೇಶದ ಪೊಲೀಸರು. ಹೆರಾಯಿನ್ ಎಷ್ಟು ಮನೆ ಹಾಳು ಮಾಡುತ್ತದೆ ಅಂತ ನನಗೆ ಗೊತ್ತು, ಇವರನ್ನು ಅಮಾಯಕರು ಅಂತ ಕರೆಯಲ್ಲ. ಆದರೆ ಮುಖಂಡರಲ್ಲಿ ಒಬ್ಬನಾಗಿದ್ದ ಮ್ಯುರನ್ ಸುಕುಮಾರನ್ ಜೈಲಲ್ಲಿ ಚಿತ್ರ ಬರೆಯುವುದನ್ನು ಕಲಿತ. ಬೇರೆ ಕೈದಿಗಳಿಗೂ ಕಲಿಸಿದ. ಮರಣದಂಡನೆ ಕಾಯುತ್ತಿದ್ದ ಕೊನೆಯ ದಿನಗಳಲ್ಲಿ ತನ್ನದೇ ಚಿತ್ರ ಬರೆದ. ಒಂದರಲ್ಲಿ ಎದೆಯ ಜಾಗದಲ್ಲಿ ಬರೀ ಕಪ್ಪು ತೂತು. ಅದನ್ನು ನೋಡಿದ ಮೇಲೆ ನನಗೆ ಪುಟ ತಿರುಗಿಸಲು ಆಗಲಿಲ್ಲ. ಹತ್ತು ವರ್ಷ ಒಳಗಿದ್ದು ಬದಲಾದವನು ಅವನು. ಶಿಕ್ಷೆ ಬೇಡ ಅಂತ ಅವನ ಕಡೆಯವರು ಕೇಳಿರಲಿಲ್ಲ. ಜೀವ ಒಂದನ್ನು ತೆಗೀಬೇಡಿ ಅಂತ ಕೇಳಿದ್ದರು.

2015ರ ಏಪ್ರಿಲ್ 29ರ ನಡುರಾತ್ರಿ ಇಂಡೋನೇಷ್ಯಾದ ನೂಸಾಕಂಬಂಗನ್ ದ್ವೀಪದಲ್ಲಿ ಅವನಿಗೆ ಮತ್ತು ಬಾಲಿ ನೈನ್‌ನ ಇನ್ನೊಬ್ಬ ಮುಖಂಡನಿಗೆ ಗುಂಡಿಟ್ಟರು. ಫಿಲಿಪೈನ್ಸ್‌ನ ಮೇರಿ ಜೇನ್ ವೆಲೋಸೊ ಅದೇ ರಾತ್ರಿ ಕೊನೇ ಗಳಿಗೆಯಲ್ಲಿ ಉಳಿದುಕೊಂಡರು. ಎರಡು ಮಕ್ಕಳ ತಾಯಿ. ಹೆರಾಯಿನ್ ಸಿಕ್ಕಿದ ಸೂಟ್‌ಕೇಸ್ ಬೇರೆಯವರು ಕೊಟ್ಟಿದ್ದು, ಒಳಗೆ ಏನಿದೆ ಗೊತ್ತಿರಲಿಲ್ಲ ಅಂತ ಮೊದಲಿಂದಲೂ ಹೇಳುತ್ತಿದ್ದರು. ಕೆಲಸದ ಆಸೆ ತೋರಿಸಿ ಕಳಿಸಿದ್ದ ಹೆಂಗಸು ಹಿಂದಿನ ದಿನ ತಾನಾಗಿ ಪೊಲೀಸರ ಮುಂದೆ ಬಂದಿದ್ದರಿಂದ ಜೀವ ಉಳಿಯಿತು. ಆಕೆ ಬರುವುದು ಎರಡು ದಿನ ತಡವಾಗಿದ್ದರೆ?

ಆ ರಾತ್ರಿ ಸತ್ತವರು ಎಂಟು ಜನ. ಆಸ್ಟ್ರೇಲಿಯಾದ ಇಬ್ಬರಿಗಾಗಿ ಮೇಣದ ಬತ್ತಿ ಹಚ್ಚಿದ ಫೋಟೋಗಳು ಲೋಕವೆಲ್ಲ ಸುತ್ತಿದವು. ಅವರ ಜೊತೆ ನಿಂತಿದ್ದ ನೈಜೀರಿಯಾದ ಒಕ್ವುಡಿಲಿ ಒಯಾಟಾನ್ಜೆ ಜೈಲಲ್ಲೇ ಭಕ್ತಿಗೀತೆ ಬರೆದು ಹಾಡುತ್ತಿದ್ದವನು. ಅವನ ಹೆಸರು ನನಗೆ ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ, ಅದೂ ನಾನೇ ಹುಡುಕಿದಾಗ.