ಏರ್ ಫ್ರೈಯರ್ ಬಂತಾ? ಮೊದಲು ಕಡಲೆಬೀಜ ಹುರಿಯಿರಿ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಏರ್ ಫ್ರೈಯರ್ ಬಗ್ಗೆಯೇ ಇವೆ. ಕೆಲವರಿಗೆ ದೀಪಾವಳಿಗೆ ಮಕ್ಕಳು ಕೊಡಿಸಿದ್ದು. ಕೆಲವರಿಗೆ ಗೃಹಪ್ರವೇಶದಲ್ಲಿ ಮುಯ್ಯಿ ಬಂದದ್ದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಈ ಸಲ ಇದನ್ನೇ ತೆಗೆದುಕೊಂಡಿದ್ದೇನೆ. ನಾನು ಬಳಸುವುದು ನಾಲ್ಕು ಲೀಟರಿನ, 1400 ವ್ಯಾಟಿನ ಮಿಷನ್. ಕೆಳಗಿನ ಡಿಗ್ರಿ, ನಿಮಿಷ ಎಲ್ಲ ಅದರಲ್ಲಿ ಮಾಡಿ ನೋಡಿದ್ದು. ನಿಮ್ಮದರಲ್ಲಿ ಎರಡು ಮೂರು ನಿಮಿಷ ಆಚೀಚೆ ಆಗಬಹುದು.

ಪ್ರಶ್ನೆ: ಮಗ ಏರ್ ಫ್ರೈಯರ್ ಕಳಿಸಿ ಎರಡು ತಿಂಗಳಾಯಿತು. ಡಬ್ಬ ಬಿಚ್ಚಿ ನೋಡಿ ಮತ್ತೆ ಮುಚ್ಚಿಟ್ಟಿದ್ದೇನೆ. ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುತ್ತಿಲ್ಲ ಅಕ್ಕ. ಹೆದರಿಕೆ.
*– ಹನುಮಂತನಗರದ ಓದುಗರು*

ನಿಮ್ಮ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ನಮ್ಮ ಯಜಮಾನರಿಗೆ ಸ್ಟೆಂಟ್ ಹಾಕಿದ ವರ್ಷ ಮಗಳು ಇದನ್ನು ತಂದುಕೊಟ್ಟಳು. ಆರು ತಿಂಗಳು ಸಜ್ಜೆಯ ಮೇಲೇ ಇತ್ತು. ಕೊನೆಗೆ ಇಳಿಸಿ ಪ್ಲಗ್ ಹಾಕಿದ ದಿನವೇ ಒಂದು ತಪ್ಪು ಆಯಿತು. ಅದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಅಡುಗೆಗಿಂತ ಮುಂಚೆ ನೋಡಬೇಕಾದ್ದು ಅದು.

ನಮ್ಮದು ಹಳೇ ಮನೆ. ಅಡುಗೆಮನೆಯಲ್ಲಿ ಇದ್ದ ದೊಡ್ಡ ಪಾಯಿಂಟ್ ಒಂದೇ, ಅದರಲ್ಲಿ ಫ್ರಿಜ್. ಮಿಷನ್ನಿನ ಪ್ಲಗ್ ದಪ್ಪ ಪಿನ್ನಿನದು, 16 ಆಂಪ್ಸ್. ನಾನು ಅಂಗಡಿಯಿಂದ ಒಂದು ಕನ್ವರ್ಟರ್ ತಂದು ಮಿಕ್ಸಿಯ ಸಣ್ಣ ಸಾಕೆಟ್ಟಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಮುಟ್ಟಿ ನೋಡಿದರೆ ಕನ್ವರ್ಟರ್ ಕೈ ಸುಡುವಷ್ಟು ಬಿಸಿ. ಸಣ್ಣ ಸಾಕೆಟ್ಟು 6 ಆಂಪ್ಸಿನದು. 230 ವೋಲ್ಟಿಗೆ ಗುಣಿಸಿದರೆ 1380 ವ್ಯಾಟ್, ಅಷ್ಟೇ ಅದರ ಶಕ್ತಿ. ಮಿಕ್ಸಿ ಐನೂರು, ಏಳುನೂರು ವ್ಯಾಟ್ ಇರುತ್ತದೆ, ಅದಕ್ಕೆ ಸಾಕು. ಇದಕ್ಕೆ ಸಾಲದು. ಮಾರನೇ ದಿನವೇ ಎಲೆಕ್ಟ್ರಿಷಿಯನ್ ಕರೆಸಿ, ದಪ್ಪ ವೈರ್ ಎಳೆಸಿ, ಇನ್ನೊಂದು 16 ಆಂಪ್ಸ್ ಪಾಯಿಂಟ್ ಹಾಕಿಸಿದೆ. ದಯವಿಟ್ಟು ಕನ್ವರ್ಟರ್, ಎಕ್ಸ್‌ಟೆನ್ಷನ್ ಬೋರ್ಡ್ ಎರಡೂ ಬೇಡ.

ಮಿಷನ್ನಿನ ಹಿಂಭಾಗದಿಂದ ಬಿಸಿಗಾಳಿ ಬರುತ್ತದೆ. ಗೋಡೆಯಿಂದ ಒಂದು ಗೇಣು ದೂರ ಇಡಿ. ಮೇಲೆ ಏನೂ ಇಡಬೇಡಿ. ಮೊದಲ ಸಲ ಬುಟ್ಟಿ ತೊಳೆದು ಒರೆಸಿ, ಖಾಲಿಯಾಗಿಯೇ 200 ಡಿಗ್ರಿಯಲ್ಲಿ ಹತ್ತು ನಿಮಿಷ ಓಡಿಸಿ. ಕಿಟಕಿ ತೆಗೆದಿರಲಿ. ಹೊಸದರ ವಾಸನೆ ಹೋಗುತ್ತದೆ.

ಈಗ ಮುಖ್ಯ ಮಾತು. ಇದರ ಹೆಸರಿನಲ್ಲಿ ಕರಿಯೋದು ಇದೆ, ಮಾಡುವ ಕೆಲಸ ಮಾತ್ರ ಸುಡೋದು, ಹುರಿಯೋದು. ಮೇಲ್ಗಡೆ ಒಂದು ಕಾಯಿಲ್, ಅದರ ಹತ್ತಿರ ಒಂದು ಫ್ಯಾನ್. ಕಾದ ಗಾಳಿ ಬುಟ್ಟಿಯ ಸುತ್ತ ಜೋರಾಗಿ ತಿರುಗುತ್ತದೆ. ಸಣ್ಣ ಓವನ್ ಅಂದುಕೊಳ್ಳಿ. 2010ರಲ್ಲಿ ಫಿಲಿಪ್ಸ್ ಕಂಪನಿ ತನ್ನ ಮಿಷನ್ ತಂದ ಮೇಲೆ ಈ ಹೆಸರು ಎಲ್ಲರ ಬಾಯಿಗೆ ಬಂತು. ಹೆಸರು ಕೇಳಿ ಮೊದಲ ದಿನವೇ ಪೂರಿ, ಬೋಂಡ ಮಾಡಲು ಹೋದವರು ಬೇಜಾರಾಗಿ ಸಜ್ಜೆಗೆ ಏರಿಸುತ್ತಾರೆ. ನಮ್ಮ ಅಡುಗೆಯಲ್ಲಿ ಹುರಿಯೋದು, ಸುಡೋದು ಬೇಕಾದಷ್ಟಿದೆ ಅಲ್ವಾ? ಅಲ್ಲಿಂದ ಶುರು ಮಾಡಿ.

ನನ್ನ ಸಲಹೆ ಕಡಲೆಬೀಜ. ನೀವು ಹನುಮಂತನಗರದವರು, ಬಸವನಗುಡಿಯ ಪರಿಷೆ ನಿಮಗೆ ನಡಿಗೆಯ ದೂರ. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ದರ್ಶನ ಮಾಡಿ, ಎರಡು ಸೇರು ಹಸಿ ಕಡಲೆಕಾಯಿ ತನ್ನಿ. ಬಿಡಿಸಿ, ಎರಡು ದಿನ ನೆರಳಲ್ಲಿ ಒಣಗಿಸಿ. ಬುಟ್ಟಿಯ ತಳ ಮುಚ್ಚುವಷ್ಟು ಮಾತ್ರ ಬೀಜ ಹಾಕಿ, ರಾಶಿ ಬೇಡ. 160 ಡಿಗ್ರಿ, 12 ನಿಮಿಷ. ನಾಲ್ಕು ನಿಮಿಷಕ್ಕೊಮ್ಮೆ ಬುಟ್ಟಿ ಹೊರಗೆಳೆದು ಮೆಲ್ಲಗೆ ಕುಲುಕಿ. ಜೋರಾಗಿ ಕೆದಕಿದರೆ ಸಿಪ್ಪೆ ಬಿಟ್ಟು ಕಾಯಿಲ್‌ಗೆ ಹಾರುತ್ತದೆ. ತೆಗೆಯುವಾಗ ಬೀಜ ಸ್ವಲ್ಪ ಮೆತ್ತಗೇ ಇರುತ್ತದೆ. ಇನ್ನೂ ಆಗಿಲ್ಲ ಅಂತ ಮತ್ತೆ ಇಡಬೇಡಿ. ಆರಿದ ಮೇಲೆ ಗರಿಗರಿ ಆಗುತ್ತದೆ.

ಬಟ್ಟೆಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಬೇಳೆ ಮಾಡಿಕೊಳ್ಳಿ. ಎರಡು ಚಮಚ ತುಪ್ಪಕ್ಕೆ ಇಂಗು, ಕರಿಬೇವು, ಅರಿಶಿನ, ಕುಟ್ಟಿದ ಮೆಣಸು, ಉಪ್ಪು. ಉರಿ ಆರಿಸಿ, ಬೀಜ ಹಾಕಿ ಕಲಸಿ. ನಮ್ಮ ಅಯ್ಯಂಗಾರ್ ಬೇಕರಿಯ ಕಾಂಗ್ರೆಸ್ ಕಡಲೆಬೀಜ ಮನೆಯಲ್ಲೇ ಸಿದ್ಧ. ಬಾಣಲೆ ಮುಂದೆ ನಿಂತು ಇಪ್ಪತ್ತು ನಿಮಿಷ ಕೈಯಾಡಿಸುವ ಕೆಲಸ ತಪ್ಪಿತು. ಒಂದು ವಾರ ದಿನಾ ಹೀಗೆ ಏನಾದರೂ ಹುರಿಯಿರಿ. ಮಿಷನ್ನಿನ ಗುಣ ಕೈಗೆ ತಿಳಿಯುತ್ತದೆ, ಹೆದರಿಕೆ ಹೋಗುತ್ತದೆ.

ಪ್ರಶ್ನೆ: ನಾವು ಬಾಡಿಗೆ ಮನೆಯಲ್ಲಿದ್ದೇವೆ. ಗೃಹಜ್ಯೋತಿ ಇದೆ, ತಿಂಗಳಿಗೆ 85–90 ಯೂನಿಟ್ ಓಡುತ್ತದೆ. ಏರ್ ಫ್ರೈಯರ್ ತಂದರೆ ಕರೆಂಟ್ ಬಿಲ್ ಬರಲು ಶುರುವಾಗುತ್ತದೆ ಅಂತ ಮನೆಯವರು ಬೇಡ ಅನ್ನುತ್ತಿದ್ದಾರೆ. ನಿಜವಾ?
*– ಕಾಮಾಕ್ಷಿಪಾಳ್ಯದ ಓದುಗರು*

ಲೆಕ್ಕ ಹಾಕಿ ನೋಡೋಣ. 1500 ವ್ಯಾಟಿನ ಮಿಷನ್ ಒಂದು ಗಂಟೆ ಪೂರ್ತಿ ಓಡಿದರೆ ಒಂದೂವರೆ ಯೂನಿಟ್. ದಿನಾ 20 ನಿಮಿಷ ಅಂದರೆ ಅರ್ಧ ಯೂನಿಟ್, ತಿಂಗಳಿಗೆ 15. ಬಿಸಿ ಸಾಕಾದಾಗ ಕಾಯಿಲ್ ತಾನೇ ಆರಿ ಮತ್ತೆ ಹತ್ತುವುದರಿಂದ, ನಿಜವಾಗಿ ಅದಕ್ಕಿಂತ ಕಡಿಮೆಯೇ ಆಗುತ್ತದೆ.

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಲ್ಲ. 2022–23ರಲ್ಲಿ ನಿಮ್ಮ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇಕಡ 10 ಸೇರಿಸಿ ಮಿತಿ ಇಟ್ಟಿದ್ದಾರೆ. ಅದನ್ನು ದಾಟಿದರೆ ದಾಟಿದಷ್ಟು ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ನೀವು 200ರ ಹತ್ತಿರ ಎಲ್ಲೂ ಇಲ್ಲ, ಹಾಗಾಗಿ ಆ ಭಯ ಬೇಡ. ಆದರೆ ದಿನಾ ಬಳಸಿದರೆ ನಿಮ್ಮ ಮಿತಿ ಸ್ವಲ್ಪ ದಾಟಬಹುದು. ವಾರಕ್ಕೆ ಮೂರು ದಿನ ಬಳಸಿದರೆ ತಿಂಗಳಿಗೆ ಆರೇಳು ಯೂನಿಟ್. ಮನೆಯವರಿಗೆ ಈ ಲೆಕ್ಕ ತೋರಿಸಿ, ಆಮೇಲೆ ಇಬ್ಬರೂ ಸೇರಿ ತೀರ್ಮಾನ ಮಾಡಿ. ಮೂರು ಜನರ ಮನೆಗೆ ನಾಲ್ಕು ಲೀಟರ್ ಸಾಕು. ದೊಡ್ಡದು ಸುಮ್ನೆ ಜಾಗ ತಿನ್ನುತ್ತದೆ.

ಪ್ರಶ್ನೆ: ಮಳೆ ಬಂದಾಗ ಮೆಣಸಿನಕಾಯಿ ಬಜ್ಜಿ ಮಾಡೋಣ ಅಂತ ಹಾಕಿದೆ. ಹಿಟ್ಟೆಲ್ಲ ಜಾಲರಿಯಿಂದ ಸೋರಿ ಕೆಳಗೆ ಅಂಟಿಕೊಂಡಿತು. ಏನು ತಪ್ಪಾಯಿತು?
*– ಮಲ್ಲೇಶ್ವರದ ಓದುಗರು*

ನಿಮ್ಮ ತಪ್ಪೇನೂ ಇಲ್ಲಮ್ಮ. ಕಾದ ಎಣ್ಣೆಗೆ ಬಿದ್ದ ಹಿಟ್ಟು ತಕ್ಷಣ ಗಟ್ಟಿಯಾಗುತ್ತದೆ. ಗಾಳಿಗೆ ಎಣ್ಣೆಯಷ್ಟು ಬೇಗ ಬಿಸಿ ಮುಟ್ಟಿಸುವ ಶಕ್ತಿ ಇಲ್ಲ. ಹಿಟ್ಟು ಗಟ್ಟಿಯಾಗುವ ಮುಂಚೆಯೇ ಸೋರಿಹೋಗುತ್ತದೆ. ಅದಕ್ಕೆ ನೀರು ಹಿಟ್ಟಿನ ಬಜ್ಜಿ, ಬೋಂಡ ಇದರಲ್ಲಿ ಆಗುವುದಿಲ್ಲ. ಬಜ್ಜಿ ತಿನ್ನಬೇಕು ಅನಿಸಿದ ದಿನ ಬಾಣಲೆ ಇಟ್ಟು, ಎಣ್ಣೆಯಲ್ಲೇ ಕರಿದು, ಖುಷಿಯಾಗಿ ತಿನ್ನಿ. ತಿಂಗಳಿಗೊಮ್ಮೆ ತಾನೇ?

ಆದರೆ ಇನ್ನೊಂದು ಬಜ್ಜಿ ಇದೆ, ಸುಟ್ಟ ಬದನೆಕಾಯಿ ಮೊಸರು ಬಜ್ಜಿ. ಅದಕ್ಕೆ ಈ ಮಿಷನ್ ಹೇಳಿ ಮಾಡಿಸಿದ ಹಾಗಿದೆ. ನಮ್ಮ ಅಜ್ಜಿ ಒಲೆಯ ಕೆಂಡದಲ್ಲಿ ಬದನೆಕಾಯಿ ಹುದುಗಿಸಿಡುತ್ತಿದ್ದರು. ಗ್ಯಾಸ್ ಮೇಲೆ ಸುಟ್ಟರೆ ಬರ್ನರ್ ತುಂಬ ಸಿಪ್ಪೆ, ರಸ. ಇಲ್ಲಿ ದೊಡ್ಡ ಬದನೆಕಾಯಿಗೆ ಚಾಕುವಿನಿಂದ ನಾಲ್ಕು ಕಡೆ ಚುಚ್ಚಿ, ಇಲ್ಲದಿದ್ದರೆ ಸಿಡಿಯಬಹುದು. ಎಣ್ಣೆ ಸವರಿ 200 ಡಿಗ್ರಿಯಲ್ಲಿ 20–25 ನಿಮಿಷ ಬಿಡಿ, ಮಧ್ಯೆ ಒಮ್ಮೆ ತಿರುಗಿಸಿ. ಸಿಪ್ಪೆ ಕೈಯಲ್ಲೇ ಸುಲಿದು ಬರುತ್ತದೆ. ಕಿವುಚಿ, ಮೊಸರು, ಉಪ್ಪು, ಹಸಿಮೆಣಸು ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಡಿ. ಕೆಂಡದ ಹೊಗೆಯ ಘಮ ಇರುವುದಿಲ್ಲ, ಅದು ಇದರಲ್ಲಿ ಬರುವುದೇ ಇಲ್ಲ. ಆದರೂ ಬಿಸಿ ಅನ್ನಕ್ಕೆ ಬಹಳ ಚೆನ್ನಾಗಿರುತ್ತದೆ.

ಪ್ರಶ್ನೆ: ಅಪ್ಪನಿಗೆ 74 ವರ್ಷ. ಬೆಂಗಳೂರು–ಮೈಸೂರು ರೈಲಿನಲ್ಲಿ ಇಪ್ಪತ್ತು ವರ್ಷ ಓಡಾಡಿದವರು, ಮದ್ದೂರು ವಡೆ ಅಂದರೆ ಪ್ರಾಣ. ಈಗ ಡಾಕ್ಟರ್ ಕರಿದದ್ದು ಬೇಡ ಅಂದಿದ್ದಾರೆ. ಏರ್ ಫ್ರೈಯರ್‌ನಲ್ಲಿ ಮಾಡಿಕೊಡಬಹುದಾ?
*– ವಿಜಯನಗರದ ಓದುಗರು*

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಮನೆಯಲ್ಲೂ ಇದೇ ಕಥೆ, ಇದೇ ವಡೆ. ಮಾಡಬಹುದು. ಹಿಟ್ಟು ಗಟ್ಟಿಯಾಗಿರುವುದರಿಂದ ಸೋರುವುದಿಲ್ಲ. ಐದಾರು ಸಲ ಮಾಡಿ ಕೆಡಿಸಿ ಕಲಿತದ್ದನ್ನು ಬರೆಯುತ್ತೇನೆ.

ಎರಡು ದೊಡ್ಡ ಈರುಳ್ಳಿ ತೆಳ್ಳಗೆ ಹೆಚ್ಚಿ, ಅರ್ಧ ಚಮಚ ಉಪ್ಪು ಹಾಕಿ ಕಿವುಚಿ, ಹತ್ತು ನಿಮಿಷ ಬಿಡಿ. ನೀರು ಬಿಟ್ಟುಕೊಳ್ಳುತ್ತದೆ. ಅದಕ್ಕೆ ಒಂದು ಲೋಟ ಚಿರೋಟಿ ರವೆ, ಅರ್ಧ ಲೋಟ ಮೈದಾ, ಅರ್ಧ ಲೋಟ ಅಕ್ಕಿ ಹಿಟ್ಟು, ಹೆಚ್ಚಿದ ಹಸಿಮೆಣಸು, ಕರಿಬೇವು, ಕೊತ್ತಂಬರಿ. ಎರಡು ಚಮಚ ಎಣ್ಣೆ ಕಾಯಿಸಿ ಸುರಿಯಿರಿ. ಇದನ್ನು ಬಿಡಬೇಡಿ, ಬಿಟ್ಟರೆ ವಡೆ ಕಲ್ಲಾಗುತ್ತದೆ. ಮೊದಲ ಸಲ ನನಗೆ ಹಾಗೇ ಆಗಿತ್ತು. ನೀರು ಚಿಮುಕಿಸಿಕೊಂಡು ಗಟ್ಟಿಯಾಗಿ ಕಲಸಿ, ಬಾಳೆ ಎಲೆಯ ಮೇಲೆ ತೆಳ್ಳಗೆ ತಟ್ಟಿ. ಕರಿಯುವ ವಡೆಗಿಂತ ಇನ್ನೂ ತೆಳ್ಳಗಿರಬೇಕು. ಎರಡೂ ಕಡೆ ಬ್ರಷ್‌ನಿಂದ ಎಣ್ಣೆ ಸವರಿ. ಕರಿಬೇವು ಹಿಟ್ಟಿನ ಒಳಗೇ ಇರಲಿ, ಮೇಲೆ ಅಂಟಿಸಿದರೆ ಗಾಳಿಗೆ ಹಾರುತ್ತದೆ.

ಮಿಷನ್ ಮೊದಲೇ ಮೂರು ನಿಮಿಷ ಕಾದಿರಲಿ. 180 ಡಿಗ್ರಿ, ಹತ್ತು ನಿಮಿಷ. ತಿರುವಿ ಹಾಕಿ ಇನ್ನು ಏಳೆಂಟು ನಿಮಿಷ. ಒಂದರ ಮೇಲೊಂದು ಇಡಬೇಡಿ. ಬುಟ್ಟಿಗೆ ಮೂರೇ ಹಿಡಿದರೆ ಮೂರೇ ಮಾಡಿ.

ಇದು ರೈಲಿನ ವಡೆಯ ರುಚಿಯಲ್ಲ. ಅಪ್ಪನಿಗೆ ಅದನ್ನು ಮೊದಲೇ ಹೇಳಿ. ಅದೇ ರುಚಿ ನಿರೀಕ್ಷೆ ಮಾಡಿ ಬಾಯಿಗಿಟ್ಟರೆ ಬೇಜಾರಾಗುತ್ತದೆ. ಈರುಳ್ಳಿ ಸುಟ್ಟ ಘಮ, ಅಂಚಿನ ಗರಿ ಎರಡೂ ಬರುತ್ತವೆ. ನಮ್ಮ ಯಜಮಾನರು ಮೊದಲ ತುಂಡು ತಿಂದು, "ಇದು ಬೇರೆ, ಆದರೆ ಇನ್ನೊಂದು ಕೊಡು" ಅಂದರು. ಅವತ್ತು ನನಗಾದ ಸಂತೋಷ ಹೇಳಲಾರೆ.

ಒಂದು ಮಾತು ಮಾತ್ರ ಮರೆಯಬೇಡಿ. ಎಣ್ಣೆ ಕಡಿಮೆ ಆಯಿತು, ಆದರೆ ಮೈದಾ ಇದೆ, ಉಪ್ಪು ಇದೆ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನೇ ಕೇಳಿ. ನಮ್ಮ ಮನೆಯಲ್ಲಿ ವಾರಕ್ಕೆ ಎರಡು ವಡೆ, ಜಾಸ್ತಿ ಇಲ್ಲ.

ಪ್ರಶ್ನೆ: ಹಪ್ಪಳ ಇಟ್ಟರೆ ಹಾರಿ ಮೇಲೆ ಅಂಟಿಕೊಂಡು ಕರಕಲಾಗುತ್ತದೆ. ಬೇರೆ ದಾರಿ ಇದೆಯಾ?
*– ಯಲಹಂಕದ ಓದುಗರು*

ಇದೆ. ಹಪ್ಪಳಕ್ಕೆ ಎಣ್ಣೆ ಸವರಿ, ಮೇಲೆ ಸಣ್ಣ ಸ್ಟೀಲ್ ಜಾಲರಿ ಇಡಿ. 180 ಡಿಗ್ರಿಗೆ ಒಂದೂವರೆ ನಿಮಿಷ. ಹತ್ತಿರವೇ ನಿಂತಿರಿ. ಒಂದೇ ಹಪ್ಪಳ ಆದರೆ ಗ್ಯಾಸ್ ಮೇಲೆ ಸುಡುವುದೇ ಸುಲಭ.

ಪ್ರಶ್ನೆ: ನಾವು ಕರಾವಳಿಯವರು. ಅಪಾರ್ಟ್‌ಮೆಂಟಿನಲ್ಲಿ ಬಂಗುಡೆ ಕಾಯಿಸಿದರೆ ಇಡೀ ಮಹಡಿಗೆ ವಾಸನೆ. ಏರ್ ಫ್ರೈಯರ್‌ನಲ್ಲಿ ಆಗುತ್ತದಾ?
*– ಬನ್ನೇರುಘಟ್ಟ ರಸ್ತೆಯ ಓದುಗರು*

ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ. ಅದಕ್ಕೆ ಎದುರು ಮನೆಯ ಕುಂದಾಪುರದ ಅಕ್ಕನನ್ನು ಕೇಳಿ ಬರೆಯುತ್ತಿದ್ದೇನೆ. ಅವರು ವಾರಕ್ಕೆರಡು ಸಲ ಮಾಡುತ್ತಾರೆ. ಬಂಗುಡೆಯಲ್ಲೇ ಎಣ್ಣೆ ಅಂಶ ಇರುವುದರಿಂದ ಮೇಲೆ ಒಂದು ಚಮಚ ಸವರಿದರೆ ಸಾಕಂತೆ. ಮಸಾಲೆ ತೆಳ್ಳಗಿರಬಾರದು, ಗಟ್ಟಿಯಾಗಿ ಮೆತ್ತಿ ಅರ್ಧ ಗಂಟೆ ಬಿಡಬೇಕು. ಬುಟ್ಟಿಗೆ ಬಾಳೆ ಎಲೆಯ ಚೂರು ಹಾಸಿದರೆ ಚರ್ಮ ಅಂಟುವುದಿಲ್ಲ. ಎಲೆಯ ಮೇಲೆ ಮೀನಿನ ಭಾರ ಇರಲೇಬೇಕು. 180 ಡಿಗ್ರಿ, ಒಟ್ಟು 14 ನಿಮಿಷ, ಮಧ್ಯೆ ಒಮ್ಮೆ ತಿರುವಬೇಕು. ವಾಸನೆ ಪೂರ್ತಿ ಹೋಗುವುದಿಲ್ಲ, ಕಾವಲಿಯಷ್ಟು ಇರುವುದಿಲ್ಲ ಅಷ್ಟೇ. ಅವರು ಬಾಲ್ಕನಿಯ ಪಾಯಿಂಟಿನಲ್ಲಿ ಇಟ್ಟು ಮಾಡುತ್ತಾರೆ.

ಪ್ರಶ್ನೆ: ಬುಟ್ಟಿಯ ಕಪ್ಪು ಲೇಪ ಏಳುತ್ತಿದೆ. ರಾತ್ರಿ ಜಿರಲೆಯೂ ಬರುತ್ತಿದೆ. ತೊಳೆಯುವುದು ಹೇಗೆ?
*– ರಾಜಾಜಿನಗರದ ಓದುಗರು*

ಸ್ಟೀಲ್ ಜುಂಗು, ಸಬೀನಾ ಪುಡಿ ಎರಡನ್ನೂ ಅದರ ಹತ್ತಿರ ತರಬೇಡಿ. ಮನೆಕೆಲಸದವರಿಗೂ ಹೇಳಿಡಿ. ನಾನು ಬುಟ್ಟಿ ಮಾತ್ರ ನಾನೇ ತೊಳೆಯುತ್ತೇನೆ. ಒತ್ತಿ ಚಿಮ್ಮಿಸುವ ಡಬ್ಬಿಯ ಎಣ್ಣೆ ಸ್ಪ್ರೇ ಕೂಡ ಲೇಪಕ್ಕೆ ಒಳ್ಳೆಯದಲ್ಲ. ಬ್ರಷ್ ಸಾಕು. ಲೇಪ ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದರೆ ಆ ಬುಟ್ಟಿಯಲ್ಲಿ ಇನ್ನು ಅಡುಗೆ ಬೇಡ. ಹೊಸ ಬುಟ್ಟಿ ಬಿಡಿಯಾಗಿ ಸಿಗುತ್ತದಾ ಅಂತ ಕೊಂಡ ಕಡೆ ವಿಚಾರಿಸಿ.

ಜಿರಲೆ ಬರುವುದು ಕೆಳಗಿನ ತಟ್ಟೆಯಲ್ಲಿ ಇಳಿದ ಎಣ್ಣೆಗೆ. ಅಡುಗೆ ಆದ ಕೂಡಲೇ ಪ್ಲಗ್ ತೆಗೆದು, ಅರ್ಧ ಗಂಟೆ ಆರಲು ಬಿಡಿ. ಬುಟ್ಟಿಗೆ ಬಿಸಿನೀರು, ಒಂದು ತೊಟ್ಟು ಪಾತ್ರೆ ಲಿಕ್ವಿಡ್ ಹಾಕಿ ನೆನೆಸಿ, ಮೆತ್ತನೆ ಸ್ಪಂಜಿನಿಂದ ತೊಳೆಯಿರಿ. ವಾರಕ್ಕೊಮ್ಮೆ ಮಿಷನ್ ಮೆಲ್ಲಗೆ ತಲೆಕೆಳಗೆ ಮಾಡಿ, ಹಿಂಡಿದ ಒದ್ದೆ ಬಟ್ಟೆಯಿಂದ ಕಾಯಿಲ್ ಸುತ್ತ ಒರೆಸಿ. ನೀರು ಸುರಿಯಬೇಡಿ. ಒರೆಸಿದ ಮೇಲೆ ಐದು ನಿಮಿಷ ಖಾಲಿ ಓಡಿಸಿ ಒಣಗಿಸಿ, ಆರಿದ ಮೇಲೆ ಹಳೇ ಪಂಚೆಯ ಬಟ್ಟೆ ಮುಚ್ಚಿಡಿ.